ಬಿಳಿಗಣ್ಣಿನ ಬಾಡಿಗೆದಾರರು

ಮಾರ್ಚ್ ೪, ಬೆಳಿಗ್ಗೆ ೯

ಮೂವತ್ತು ಬಾಟಲಿ, ಇಪ್ಪತ್ತನೇ ದಿನ. ಹದಿನೈದರಲ್ಲಿ ಹತ್ತತ್ತು ಹಣ್ಣಿನ ನೊಣ, ಹದಿನೈದರಲ್ಲಿ ಇನ್ನೂರಿನ್ನೂರು. ಇಕ್ಕಟ್ಟಿನಲ್ಲಿದ್ದವು ಬೇಗ ಮುದಿಯಾಗಿ ಬೇಗ ಸಾಯುತ್ತವಾ? ವರ್ಷದಿಂದ ಇದೇ ಜಪ. ಎರಡು ಸಲ ಬೂಷ್ಟು ಹಿಡಿದು ಹಾಳಾಯಿತು. ಈ ಸಲವೂ ಕೆಟ್ಟರೆ ಥೀಸಿಸ್ ಗೋವಿಂದ.

ನನ್ನ ನೊಣಗಳಿಗೆ ಕೆಂಪು ಕಣ್ಣು. ಯಾವುದಾದರೂ ಸತ್ತರೆ ಅದರ ಜಾಗಕ್ಕೆ ಬಿಳಿಗಣ್ಣಿನದೊಂದನ್ನು ಬಿಡುತ್ತೇನೆ — ಗುಂಪು ಕರಗಬಾರದಲ್ಲ. ಬಿಳಿಯವು ಬರೀ ಬಾಡಿಗೆದಾರರು. ಸತ್ತರೂ ಲೆಕ್ಕಕ್ಕಿಲ್ಲ.

ಫೋನ್. ಅಕ್ಕನಿಗೆ ಹೆರಿಗೆ ನೋವು. ಲ್ಯಾಬಿನ ಅಟೆಂಡರ್ ಅಣ್ಣನಿಗೆ, "ದಿನಾ ಸತ್ತಿದ್ದನ್ನ ಎಣಿಸಿ ಬರೀರಿ, ಅಷ್ಟೇ ಬಿಳೀದು ಬಿಡಿ" ಅಂದು ಓಡಿದೆ.

ಮಾರ್ಚ್ ೮

ಹೆಣ್ಣು ಮಗು. ಎರಡು ಕೋಣೆಯ ಮನೆಯಲ್ಲಿ ಈಗ ಎಂಟು ಜನ. "ಇಕ್ಕಟ್ಟಿದ್ರೆ ಬೇಗ ಸಾಯೋದಾದ್ರೆ ನಾವೆಲ್ಲ ಯಾವತ್ತೋ ಹೋಗಿರ್ಬೇಕಿತ್ತು" ಅಂದಳು ಅಮ್ಮ. ನಗುತ್ತಲೇ ಲ್ಯಾಬಿಗೆ ಬಂದೆ.

ನೋಟ್‌ಬುಕ್ ತೆರೆದೆ. ನಾಲ್ಕು ದಿನಕ್ಕೆ ೪೧೨ ಸಾವು. ಕೆಂಪು, ಬಿಳಿ ಎಲ್ಲ ಸೇರಿಸಿ!

"ಕಣ್ಣು ನೋಡ್ಲಿಲ್ವಾ?" ಕಿರುಚಿದೆ.

"ಸತ್ತೋರಲ್ಲಿ ಏನಮ್ಮಾ ಕೆಂಪು, ಬಿಳಿ?" ಅಂದರು ಅಣ್ಣ.

ಬಾಯಿಗೆ ಬಂದಂತೆ ಬೈದೆ. ಗೈಡ್ ಮೇಡಂ ನೋಟ್‌ಬುಕ್ ಮುಚ್ಚಿದರು. "ಬೇರೆ ಮಾಡೋಕಾಗಲ್ಲ ಅಂದ್ರೆ ಮೊದಲಿಂದ ಶುರು ಮಾಡು." ಮೊದಲಿಂದ! ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಾರ್ಚ್ ೯, ಮಧ್ಯಾಹ್ನ

ಅಣ್ಣ ಮುಖ ಊದಿಸಿಕೊಂಡು ಬಂದರು. ಮೇಜಿನ ಮೇಲೆ ಡಬ್ಬಿ ಕುಕ್ಕಿದರು. ಒಳಗೆ ಕಾಗದದ ಪೊಟ್ಟಣಗಳು... ಒಂದೊಂದರ ಮೇಲೂ ತಾರೀಖು, ಬಾಟಲಿ ನಂಬರ್. ಬಿಚ್ಚಿದೆ. ಸತ್ತ ನೊಣಗಳು!

"ಎಸೀರಿ ಅಂತ ನೀವು ಹೇಳಿರ್ಲಿಲ್ಲ."

ಮೈಕ್ರೋಸ್ಕೋಪ್ ಬಿಟ್ಟು ಏಳಲಿಲ್ಲ. ಕೆಂಪು ೨೯೦. ಬಿಳಿ ೧೨೨. ಒಟ್ಟು ೪೧೨ — ಒಂದೂ ಹೆಚ್ಚುಕಮ್ಮಿಯಿಲ್ಲ. ಅಬ್ಬಾ! ಹೋದ ಜೀವ ಬಂತು. ಮೇಡಂ ಕೂಡ ನಕ್ಕರು, ಅಪರೂಪಕ್ಕೆ.

"ಅಣ್ಣಾ, ತಪ್ಪಾಯ್ತು. ಕಣ್ಣಿನ ವಿಷಯ ನಾನು ಹೇಳೇ ಇರ್ಲಿಲ್ಲ."

"ಬಿಡೀಮ್ಮಾ. ಮೊದ್ಲು ಊಟ ಮಾಡ್ಬನ್ನಿ."

ಮಾರ್ಚ್ ೧೦, ಬೆಳಿಗ್ಗೆ ೧೧

ಹಾಯಾಗಿ ನಿದ್ದೆ ಬಂತು, ಮಗು ಅಳುತ್ತಿದ್ದರೂ. ಇಕ್ಕಟ್ಟಿನ ಬಾಟಲಿಗಳಲ್ಲಿ ಸಾವು ಬೇಗ ಏರುತ್ತಿರುವುದು ಈಗ ಸ್ಪಷ್ಟ.

ಅಯ್ಯೋ, ಈ ಪುಟದ ಮೇಲೇ ಒಂದು ನೊಣ. ಏಳನೇ ಬಾಟಲಿಯ ಬಾಯಿಗಿಟ್ಟ ಹತ್ತಿ ಸಡಿಲ — ನಾನೇ ತುರುಕಿದ್ದು! ಬೈದವಳು ಯಾರು, ತಪ್ಪು ಮಾಡಿದವಳು ಯಾರು... ಕಣ್ಣು? ಬಗ್ಗಿ ನೋಡಿದೆ. ಬಿಳಿ. ಸದ್ಯ, ಬಾಡಿಗೆದಾರ.

ಅಣ್ಣನಿಗೆ ಗೊತ್ತಾಗುವ ಮೊದಲು ಹಿಡಿದು ಒಳಗೆ — ಬಾಗಿಲಲ್ಲೇ ನಿಂತಿದ್ದಾರೆ, ನಗುತ್ತಾ, ಕೈಯಲ್ಲಿ ಒಂದು ಖಾಲಿ ಪೊಟ್ಟಣ.