ಮಾವ ಓದಿದ ಅಕ್ಷರ

ಪೀಳಮೇಡು, ಕೊಯಮತ್ತೂರು
೧೭-೭-೨೦೨೪

ಪ್ರೀತಿಯ ದ್ರಾಕ್ಷಾಯಣಕ್ಕನಿಗೆ,

ಕಾಗದ ನೋಡಿ ಗಾಬರಿಯಾಗಬೇಡ, ಎಲ್ಲ ಒಳ್ಳೆಯದೇ. ಫೋನಿನಲ್ಲಿ ಹೇಳಿದರೆ ನಂಬಲ್ಲ, ನಿನ್ನ ಅಕ್ಷರ ಕಣ್ಣಾರೆ ನೋಡಬೇಕು ಅಂದೆಯಲ್ಲ, ಅದಕ್ಕೇ ಬರೀತಿದ್ದೀನಿ. ಓದೋಕಾಗುತ್ತೆ ತಾನೆ? ಆಗದಿದ್ದರೆ ಸಿಕ್ಕಿದ ಕೂಡಲೇ ಫೋನ್ ಮಾಡು.

ಮಾವನವರಿಗೆ ಸ್ಟ್ರೋಕ್ ಆಗಿ ಮಾತು ನಿಂತಿದ್ದು ನಿನಗೆ ಗೊತ್ತು. ಬೇಕಾದ್ದನ್ನೆಲ್ಲ ರಟ್ಟಿನ ಚೀಟಿಗಳಲ್ಲಿ ಬರೆದಿಡಿ, ಬೆರಳಿಟ್ಟು ತೋರಿಸ್ತಾರೆ ಅಂದಳು ಮಾತು ಕಲಿಸೋಕೆ ಬರೋ ಹುಡುಗಿ. ಮಾವ ಸೂಲೂರಿನ ಮಿಲ್ ಕ್ಯಾಂಟೀನಿನಲ್ಲಿ ಆಯಸ್ಸೆಲ್ಲ ಅಡುಗೆ ಮಾಡಿದವರು, ತಮಿಳು ಆಡ್ತಾರೆಯೇ ಹೊರತು ಓದೋದು ಕನ್ನಡ ಒಂದೇ. ನಮ್ಮ ಮನೆಯವರಿಗೆ ಕನ್ನಡ ಅಕ್ಷರ ಬರಲ್ಲ. ಉಳಿದವಳು ನಾನು, ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ನೀರು, ನೋವು, ಫ್ಯಾನು ಅಂತ ಕಾಗೆಕಾಲು ಗುಬ್ಬಿಕಾಲು ಗೀಚಿದೆ. ಮಾವ ನೋಡಿ ಗೋಡೆ ಕಡೆ ಮುಖ ತಿರುಗಿಸಿಬಿಟ್ಟರು.

ಓದೋ ಶಕ್ತಿಯೇ ಹೋಗಿರಬಹುದು ಅಂದಳು ಆ ಹುಡುಗಿ. ಇವರು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದವರು ಮಂಚದ ಪಕ್ಕದಲ್ಲೇ ನಿಂತು, ಧಾರಾಪುರಂ ಹತ್ತಿರ ಇಂಥವರನ್ನ ನೋಡಿಕೊಳ್ಳೋ ಆಶ್ರಮ ಇದೆಯಂತೆ, ಸೋಮವಾರ ಸೇರಿಸೋಣ, ಏನು ಬೇಕೂಂತ ಹೇಳಲಾರದವರನ್ನ ನೀನೊಬ್ಬಳೇ ಹೇಗೆ ನೋಡ್ತೀಯ ಅಂದರು.

ಅವತ್ತೇ, ಅಕ್ಕ, ನಾನು ನಿನಗೆ ಫೋನ್ ಮಾಡಿ ಅತ್ತಿದ್ದು. ಕೆಟ್ಟಿರೋದು ಅವರ ಓದೋ, ನಿನ್ನ ಬರಹವೋ, ಮೊದಲು ಅದನ್ನ ನೋಡು ಅಂತ ನೀನು ಬೈದೆ. ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು.

ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಮೇಲೊಂದು ಕೆಳಗೊಂದು ಗೆರೆ ಎಳೆದುಕೊಂಡು, ನೀನು ಫೋನಿನಲ್ಲಿ ಅಭ್ಯಾಸಕ್ಕೆ ಕೊಟ್ಟ 'ಮನೆ' ಅನ್ನೋ ಮಾತನ್ನೇ ತಿದ್ದಿದೆ. ಎಣ್ಣೆಗೆ ವಡೆ ಬಿಡೋ ಹಾಗೆ ಬರಿ, ಒಂದಕ್ಕೊಂದು ತಾಗಬಾರದು ಅಂದೆಯಲ್ಲ, ಅದೊಂದು ತಲೆಗೆ ಹತ್ತಿತು. ಪ್ರತಿ ಅಕ್ಷರಕ್ಕೂ ಕೈ ಎತ್ತಿ, ಉಸಿರು ಬಿಟ್ಟು, ಅದರ ಹೊಟ್ಟೆ ದುಂಡಗೆ, ತಲೆಕಟ್ಟು ನೀಟಾಗಿ. ಮೊಳಕೈ ಊರಿ ಕೂತ ಮೇಲೆ ಸಾಲೂ ನೆಟ್ಟಗೆ ಬಂತು. ಚೆನ್ನಾಗಿ ಬಂದ ಒಂದು 'ಮನೆ'ಯನ್ನ ಕತ್ತರಿಸಿ ರಟ್ಟಿಗೆ ಅಂಟಿಸಿಕೊಂಡೆ, ಮಾದರಿಗೆ.

ಶನಿವಾರ ಹೊಸ ಚೀಟಿ ಹರಡಿದೆ. ಮಾವ ಒಂದೊಂದನ್ನೇ ನೋಡಿ ಎಡಗೈಯಲ್ಲಿ 'ಫ್ಯಾನು' ಮುಟ್ಟಿದರು! ಸುಮ್ಮನೆ ಕೈ ತಗುಲಿರಬೇಕು ಅಂತ ಇವರು ಎಲ್ಲಾ ಕಲಸಿ ಮತ್ತೆ ಹರಡಿದರು. ಮಾವ ಮೂಲೆಯಿಂದ ಹುಡುಕಿ 'ಉಪ್ಪು' ಮುಟ್ಟಿ, ನಾನು ಕೊಟ್ಟ ಗಂಜಿಯ ಬಟ್ಟಲು ತೋರಿಸಿದರು. ಇವರು ಅಳ್ತಾ ನಗ್ತಾ, ಅಪ್ಪನಿಗೆ ಎಲ್ಲಾ ಪುರಿಯುತ್ತೆ, ಅರ್ಥವಾಗುತ್ತೆ ಕಣೇ, ನಿನ್ನ ಅಡುಗೆಯೂ ಪುರಿದಿದೆ ಅಂದರು. ಆಗಲೇ ಆಶ್ರಮಕ್ಕೆ ಫೋನ್ ಮಾಡಿ, ನಾವು ಬರಲ್ಲ ಅಂದುಬಿಟ್ಟರು.

ಈಗ ಪ್ರತಿ ಊಟಕ್ಕೂ ಅದೇ ಚೀಟಿ. ಡಾಕ್ಟರು ಉಪ್ಪು ಕಡಿಮೆ ಅಂದಿದ್ದಾರೆ, ಅದನ್ನ ಹೇಗೆ ಬರೆದು ತೋರಿಸಲಿ ಅನ್ನೋದೇ ನನ್ನ ಹೊಸ ಚಿಂತೆ.

ನಿನ್ನ ತಂಗಿ,
ಶ್ರೀರಂಜನಿ

ಮರೆತಿದ್ದೆ: ಆ 'ಮನೆ' ಚೀಟಿ ಶನಿವಾರದಿಂದ ಕಾಣ್ತಿರಲಿಲ್ಲ. ಇವತ್ತು ದಿಂಬಿನ ಕವರ್ ಬದಲಿಸುವಾಗ ಸಿಕ್ಕಿತು. ಉಳಿದವುಗಳ ಜೊತೆ ಬೆರೆತಿತ್ತೇನೋ, ಮಾವ ಎತ್ತಿ ಒಳಗೆ ಇಟ್ಟುಕೊಂಡಿದ್ದಾರೆ. ಅಂದರೆ ಮಂಚದ ಪಕ್ಕ ಆಡಿದ ಆಶ್ರಮದ ಮಾತೆಲ್ಲ ಅವರಿಗೆ ಕೇಳಿಸಿದೆ. ಇವರಿಗೆ ಹೇಳಿಲ್ಲ. ಹೊಸ ಕವರಿನೊಳಗೆ ಹಾಗೇ ಇಟ್ಟೆ.