ಕೂತು ಮಲ್ಲಿಗೆ ಕಟ್ಟುವುದು, ಅಷ್ಟೇ

ಹೆಬಳೆ
ಶುಕ್ರವಾರ

ಅತ್ತೆಯವರಿಗೆ ನಮಸ್ಕಾರ.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳುವುದಿಲ್ಲ, ಅದಕ್ಕೆ ಈ ಪತ್ರ. ಅತ್ತಿಗೆ ಓದಿ ಹೇಳಲಿ.

ನನ್ನ ಬೆನ್ನಿನ ನಡುಮಧ್ಯದ ನೋವು ವಾಯು ಅಲ್ಲವಂತೆ. ಓಮದ ಕಷಾಯ ಬಿಟ್ಟೆ. ಹೊನ್ನಾವರದ ಫಿಸಿಯೋಥೆರಪಿ ಮೇಡಂ, "ಎಂತ ಕೆಲಸ ಮಾಡ್ತಿ?" ಎಂದು ಕೇಳಿದರು. "ಎಂತದೂ ಇಲ್ಲ, ಕೂತು ಮಲ್ಲಿಗೆ ಕಟ್ಟುವುದು, ಅಷ್ಟೇ" ಅಂದೆ. ಕೂತು ತೋರಿಸು ಅಂದರು. ನೆಲದಲ್ಲಿ ಕೂತು, ಬಾಳೆನಾರನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಗ್ಗಿದೆ. "ದಿನವಿಡೀ ಹೀಗೇ? ನೋವು ಹುಟ್ಟೂದು ಇಲ್ಲೇ" ಅಂದರು.

ಗೋಡೆಗೆ ಬೆನ್ನು ತಾಗಿಸಿ ಕೈ ಎತ್ತಿ ಇಳಿಸುವ ವ್ಯಾಯಾಮ ಹೇಳಿಕೊಟ್ಟಿದ್ದಾರೆ, ಬಿಡದೆ ಮಾಡುತ್ತೇನೆ. ನಾರನ್ನು ಈಗ ಕಿಟಕಿಯ ಸರಳಿಗೆ ಕಟ್ಟಿ, ಮಾವನವರ ಕುರ್ಚಿಯಲ್ಲಿ ನೆಟ್ಟಗೆ ಕೂತು ಹೂ ಕಟ್ಟುತ್ತೇನೆ. ದೇವರ ಹೂವನ್ನು ಕುರ್ಚಿಯಲ್ಲಿ ಕೂತು ಕಟ್ಟುವುದಾ ಎಂದು ಕೇಳಿದವರಿಗೆ ಹೌದು ಎಂದಿದ್ದೇನೆ. ನಿಮಗೂ ಸಿಟ್ಟು ಬರಬಹುದು. ಆದರೆ ಕುರ್ಚಿ ಬಿಡೂದಿಲ್ಲ.

ಬುಧವಾರ ಹೊಳನಗದ್ದೆಯಿಂದ ಬರುವಾಗ ಹೊನ್ನಾವರದಲ್ಲೇ ಬಸ್ ಇಳಿಯಿರಿ. ನಾನು ಸ್ಟ್ಯಾಂಡಿನಲ್ಲಿ ಇರುತ್ತೇನೆ. ಬಾಗಿದ ನಿಮ್ಮ ಬೆನ್ನನ್ನೂ ನೋಡಬೇಕೆಂದು ಮೇಡಂಗೆ ಹೇಳಿಟ್ಟಿದ್ದೇನೆ. ಎಂತ ಕೆಲಸ ಎಂದು ಅವರು ಕೇಳುತ್ತಾರೆ. ನನ್ನ ಹಾಗೆ "ಎಂತದೂ ಇಲ್ಲ" ಅನ್ನಬೇಡಿ.

ನಿಮ್ಮ ಸೊಸೆ,
ನಾಗವೇಣಿ