ಲಿಗಾಯಾಗೆ ನಾನು ಕಲಿಸಿದ ಮಾತು

ದಾಲ್ವಿಕ್,
ಸೋಮವಾರ, ಮಾರ್ಚ್ 5, 2018

ಪ್ರೀತಿಯ ತಂಗಿ ಉನ್ನುರ್,

ಹೇಗಿದ್ದೀಯೇ? ಆ ಒಣಕೆಮ್ಮು ಇಳಿಯಿತೇ? ನಿನ್ನ ಯಜಮಾನ ಪ್ರೆಬೆನ್‌ಗೆ ಕಣ್ಣಿನ ಆಪರೇಷನ್ ಆದಮೇಲೆ ಪೇಪರು ಓದಲು ಆಗುತ್ತಿದೆಯೇ, ಇಲ್ಲಾ ಈಗಲೂ ನೀನೇ ಗಟ್ಟಿಯಾಗಿ ಓದಿ ಹೇಳಬೇಕೇ? ಡೆನ್ಮಾರ್ಕಿನಲ್ಲಿ ಈ ವರ್ಷ ಚಳಿ ಜಾಸ್ತಿ ಎಂದು ರೇಡಿಯೋದಲ್ಲಿ ಕೇಳಿದೆ. ಒಳಗೆ ಉಣ್ಣೆಯ ಬನಿಯನ್ ಹಾಕಿಕೋ, ಚಂದ ಕಾಣುವುದಿಲ್ಲ ಎಂದು ಬಿಡಬೇಡ. ಹಿಂದಿನ ಎರಡು ಭಾನುವಾರ ನೀನು ಫೋನ್ ಮಾಡಿದಾಗ ನಾನು ಎತ್ತಲಿಲ್ಲ. ಮನೆಯಲ್ಲೇ ಇದ್ದೆ. ಪಕ್ಕದ ಕುರ್ಚಿಯಲ್ಲೇ ಕೂತು, ಅದು ಬಡಿದುಕೊಂಡು ಸುಮ್ಮನಾಗುವವರೆಗೂ ಕೇಳಿಸಿಕೊಂಡೆ. ಕೋಪ ಮಾಡಿಕೊಳ್ಳಬೇಡ. ಕಾಗದದ ಮುಂದೆ ಕೂತರೆ ಒಂದು ಪದ ಬರುವವರೆಗೆ ಎಷ್ಟು ಹೊತ್ತು ಬೇಕಾದರೂ ಕಾಯಬಹುದು, ಫೋನಿನಲ್ಲಿ ನೀನು ಕಾಯುವುದಿಲ್ಲ. ಯಾಕೆ ಹೀಗೆ ಹೇಳುತ್ತೇನೆ ಎನ್ನುವುದು ಮೊದಲಿನಿಂದ ಹೇಳಿದರೇ ಅರ್ಥವಾದೀತು.

ಫಿಲಿಪೈನ್ಸಿನ ಲಿಗಾಯಾಗೆ ನಮ್ಮ ಹಿಮದ್ವೀಪದ ಭಾಷೆ ಹೇಳಿಕೊಡುತ್ತಿದ್ದೇನೆ ಎಂದು ಸೆಪ್ಟೆಂಬರಿನಲ್ಲಿ ತಿಳಿಸಿದಾಗ ನೀನು, “ಎಪ್ಪತ್ನಾಲ್ಕು ವರ್ಷಕ್ಕೆ ನಿಂಗ್ಯಾಕೇ ಈ ಉಸಾಬರಿ? ಹೆಣಿಗೆ ಹಾಕ್ಕೊಂಡು ಸುಮ್ನೆ ಕೂತ್ಕೋಬಾರ್ದಾ?” ಅಂದಿದ್ದೆ. ಅವಳಿಗೆ ಮೂವತ್ತೊಂಬತ್ತು ವರ್ಷ. ತನ್ನ ಊರಿನ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದವಳು. ಇಲ್ಲಿಯ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವುದು, ಹಾಸಿಗೆ ಬದಲಿಸುವುದು ಅವಳ ಕೆಲಸ. ಔಷಧಿಯ ಕಪಾಟನ್ನು ಮುಟ್ಟುವ ಹಾಗಿಲ್ಲ. ಭಾಷೆಯ ಪರೀಕ್ಷೆ ಪಾಸು ಮಾಡಿಕೊಂಡು ಬಾ, ಆಮೇಲೆ ನರ್ಸ್ ಕೆಲಸದ ಮಾತು ಎಂದು ಆಶ್ರಮದವರು ಹೇಳಿದ್ದರು. ವಾರಕ್ಕೆರಡು ದಿನ ಅವಳ ಜೊತೆ ಕೂತು ಮಾತಾಡುವವರು ಯಾರಾದರೂ ಬೇಕು ಎಂದು ಅವರು ಕೇಳಿದಾಗ ನಾನು ಒಪ್ಪಿಕೊಂಡೆ. ನಾಲ್ಕು ವರ್ಷದಿಂದ ಈ ಊರಲ್ಲಿದ್ದೂ ಯಾಕೆ ಕಲಿಯಲಿಲ್ಲ ಎಂದು ಮೊದಲ ದಿನವೇ ಜೋರು ಮಾಡಿದೆ. ಅವಳು, “ಯಾರೂ ಬಿಡೋಲ್ಲ” ಅಂದಳು. ಆಮೇಲೆ ಗಮನಿಸಿದೆ, ನಿಜವೇ. ಅವಳು ಬೇಕರಿಯಲ್ಲಿ ಮೂರು ಪದ ಜೋಡಿಸಿ ನಾಲ್ಕನೆಯದಕ್ಕೆ ತಡವರಿಸುವಷ್ಟರಲ್ಲಿ ಆ ಕಡೆಯಿಂದ ಇಂಗ್ಲಿಷ್ ಬಂದುಬಿಡುತ್ತದೆ. ಅಂಚೆ ಕಚೇರಿಯಲ್ಲೂ ಹಾಗೆ, ಅಂಗಡಿಯಲ್ಲೂ ಹಾಗೆ. ಉಪಕಾರ ಮಾಡುತ್ತಿದ್ದೇವೆ ಎಂದುಕೊಂಡೇ ನಮ್ಮ ಜನ ಇಂಥವರ ಬಾಯಿ ಮುಚ್ಚಿಸುತ್ತಾರೆ. ಬೇಕರಿಯ ಹುಡುಗಿಗೆ ಶಾಲೆಯಲ್ಲಿ ಹೆಣಿಗೆ ಕಲಿಸಿದವಳು ನಾನೇ ತಾನೇ, ಹೋಗಿ ಹೇಳಿಯೇಬಿಟ್ಟೆ: “ಇವಳ ಹತ್ರ ಇಂಗ್ಲಿಷ್ ಆಡಿದ್ರೆ ನಿನ್ ಬ್ರೆಡ್ಡು ನಂಗೆ ಬೇಡ.”

ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಮಂಗಳವಾರ, ಗುರುವಾರ ಬಸ್ಸು ಹಿಡಿದು ಅಕುರೇರಿ ಪಟ್ಟಣಕ್ಕೆ ಸಂಜೆಯ ತರಗತಿಗೆ ಹೋಗುತ್ತಿದ್ದಳು. ಹಗಲು ಪಾತ್ರೆ ತೊಳೆಯುವಾಗ ಕಿವಿಗೆ ಕಂಪ್ಯೂಟರ್ ಪಾಠ. ರೇಡಿಯೋದ ಹವಾಮಾನ ವರದಿಯನ್ನು, ಸಮುದ್ರದ ಗಾಳಿಯ ವೇಗದ ಸಮೇತ, ಅದೇ ಧಾಟಿಯಲ್ಲಿ ಒಪ್ಪಿಸುತ್ತಿದ್ದಳು. ಗ್ರಂಥಾಲಯದಿಂದ ಮಕ್ಕಳ ಪುಸ್ತಕ ತಂದು ನನ್ನ ಅಡುಗೆಮನೆಯ ಮೇಜಿನ ಮೇಲಿಟ್ಟು ಓದುವಳು. ಬೆಳಿಗ್ಗೆ ಏಳಕ್ಕೆ ಈಜುಕೊಳದ ಬಿಸಿನೀರಿನ ತೊಟ್ಟಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ; ಕತ್ತಿನವರೆಗೆ ಬಿಸಿನೀರು, ತಲೆಯ ಮೇಲೆ ಹಿಮ, ಸುತ್ತ ಐದಾರು ಮುದುಕ ಮುದುಕಿಯರು. ಮಾತು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ, ಎದ್ದು ಓಡಿಹೋಗುವ ಹಾಗಿಲ್ಲವಲ್ಲ. ನಮ್ಮಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು, ಅವಳಿಗದು ಬಾಯಿಗೆ ಬಾರದೆ ನನ್ನನ್ನು “ಸಾಲ್ವೋರಜ್ಜಿ” ಅನ್ನುವಳು. ಒಂದು ದಿನ, “ಅಜ್ಜಿ, ನಿಮ್ಮ ಭಾಷೆಯಲ್ಲಿ ಹೆಸರುಗಳೂ ಬಟ್ಟೆ ಬದಲಾಯಿಸ್ತಾವೆ. ನೀವು ಬಂದ್ರೆ ಒಂದು ಹೆಸರು, ನಿಮಗೆ ಕೊಟ್ಟರೆ ಇನ್ನೊಂದು ಹೆಸರು” ಎಂದು ನಿಟ್ಟುಸಿರು ಬಿಟ್ಟಳು. ವಿಭಕ್ತಿಯ ಕಷ್ಟ ಹುಟ್ಟಿದಾರಭ್ಯ ಆಡಿಕೊಂಡು ಬಂದ ನಮಗೆಲ್ಲಿ ಗೊತ್ತಾಗುತ್ತದೆ? ಒಮ್ಮೆ ಆಶ್ರಮದಲ್ಲಿ ಹೋಗ್ನಿ ಮುದುಕನಿಗೆ “ಸುಸ್ತಾಗಿದ್ಯಾ?” ಎಂದು ಕೇಳುವ ಬದಲು “ಸತ್ತು ಹೋಗಿದ್ದೀರಾ?” ಎಂದು ಕೇಳಿಬಿಟ್ಟಳಂತೆ. ಅವನು ಕಣ್ಣು ಸಹ ತೆರೆಯದೆ, “ಇನ್ನೂ ಇಲ್ಲಮ್ಮ, ಮಧ್ಯಾಹ್ನದ ಮೀನು ತಿಂದ್ಮೇಲೆ ನೋಡೋಣ” ಅಂದನಂತೆ.

ಅವಳ ಹತ್ತಿರ ಒಂದು ನೀಲಿ ನೋಟುಬುಕ್ಕು. ಕಿವಿಗೆ ಬಿದ್ದ ಪ್ರತಿ ಹೊಸ ಪದವನ್ನೂ, ತಾರೀಖು ಹಾಕಿ, ಯಾರ ಬಾಯಿಂದ ಕೇಳಿದ್ದೆಂದು ಹೆಸರಿನ ಮೊದಲ ಅಕ್ಷರ ಹಾಕಿ ಬರೆದಿಡುತ್ತಿದ್ದಳು. ಬಹುತೇಕ ಪುಟಗಳಲ್ಲಿ ನನ್ನದೇ ಅಕ್ಷರ. ನನಗೆ ಅದರಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ, ಮೊದಮೊದಲು ಗೆಳತಿ ಬೆರ್ಗ್‌ತೋರಾ ಮನೆಗೆ ಬಂದಾಗಲೆಲ್ಲ ತೆರೆದು ತೋರಿಸುತ್ತಿದ್ದೆ.

ಪರೀಕ್ಷೆ ಜನವರಿ ಇಪ್ಪತ್ತಾರಕ್ಕಿತ್ತು. ಬರವಣಿಗೆ ಪಾಸಾಯಿತು, ಮಾತಿನದು ಆಗಲಿಲ್ಲ. ಸ್ವಲ್ಪದರಲ್ಲಿ ತಪ್ಪಿತು. ಚಿತ್ರ ತೋರಿಸಿ ರೋಗಿಯ ಸ್ಥಿತಿ ಹೇಳು ಅಂದರಂತೆ. ಮಣಿಕಟ್ಟು ಊದಿಕೊಂಡ ಹೆಂಗಸಿನ ಚಿತ್ರ. ಇವಳು ಹಿಮ್ಮಡಿ ಊದಿದೆ ಎಂದಳು. ಮಾತ್ರೆ ನುಂಗಲಾಗದ ಮುದುಕನ ಚಿತ್ರ. ಇವಳು, ಪಾಪ, ಈತನಿಗೆ ಮಾತ್ರೆ ಸೀನಲು ಆಗುತ್ತಿಲ್ಲ ಎಂದಳು. ಪರೀಕ್ಷೆ ಮಾಡುವವರಲ್ಲಿ ಒಬ್ಬರು ನಗು ತಡೆದುಕೊಳ್ಳಲು ನೀರು ಕುಡಿದರಂತೆ. ಇದನ್ನೆಲ್ಲ ಅವಳು ನನ್ನ ಮೇಜಿನ ಮುಂದೆ ಕೂತು, ಕಾಫಿ ಆರಿಸಿಕೊಂಡು, ತಲೆ ಬಗ್ಗಿಸಿ ಹೇಳಿದಳು. ನನಗೆ ಉರಿದುಹೋಯಿತು. “ನರ್ಸ್ ಆಗೋಳು ಮಣಿಕಟ್ಟಿಗೆ ಹಿಮ್ಮಡಿ ಅಂತೀಯಾ? ಯಾರು ಹೇಳ್ಕೊಟ್ರು? ಆ ಕಂಪ್ಯೂಟರ್ ಪಾಠವಾ?” ಅಂದೆ. “ನಾನೇ ತಪ್ಪು ಕೇಳಿಸ್ಕೊಂಡಿರ್ಬೇಕು ಅಜ್ಜಿ” ಅಂದಳು. ಹಾಗಾದರೆ ನೋಟುಬುಕ್ಕು ಕೊಡು, ಯಾರೆಂದು ನೋಡೇಬಿಡೋಣ ಎಂದು ಕೈಚಾಚಿದೆ. ಅವಳು ಅದನ್ನು ಮಡಿಲಿಗೆ ಎಳೆದುಕೊಂಡಳು. ಐದು ತಿಂಗಳಲ್ಲಿ ಅವಳು ನನ್ನ ಮಾತು ಮೀರಿದ್ದು ಅದೇ ಮೊದಲು. ನಾನು ಕಿತ್ತುಕೊಂಡೆ ಎಂದೇ ಹೇಳಬೇಕು.

ಹಿಮ್ಮಡಿ ಡಿಸೆಂಬರ್ ಹನ್ನೆರಡರ ಪುಟದಲ್ಲಿತ್ತು. ಅಂದು ನಾವು ಕೈಗವಸು ಹೆಣೆಯುತ್ತಿದ್ದೆವು. ಮಣಿಕಟ್ಟಿನ ಹತ್ತಿರ ಬಂದಾಗ ಕುಣಿಕೆ ಕಡಿಮೆ ಮಾಡಬೇಕು ಎಂದು ಅವಳ ಕೈ ಹಿಡಿದು ತೋರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಯಾವ ಪದ ಆಡಿದೆನೋ ನೆನಪಿಲ್ಲ. ಅವಳು ಮಣಿಕಟ್ಟಿನ ಸಣ್ಣ ಚಿತ್ರ ಬರೆದು, ಪಕ್ಕದಲ್ಲಿ ಹಿಮ್ಮಡಿ ಎಂದು ಬರೆದು, ಕೊನೆಗೆ ನನ್ನ ಅಕ್ಷರ ಹಾಕಿದ್ದಳು. ಸೀನುವುದೂ ನನ್ನದೇ. ಅಷ್ಟೇ ಆಗಿದ್ದರೆ ಕೈತಪ್ಪು ಎನ್ನಬಹುದಿತ್ತು. ಹಿಂದಿನ ಪುಟ ತಿರುವಿದೆ, ಅದರ ಹಿಂದಿನದು ತಿರುವಿದೆ. ನವೆಂಬರಿನಿಂದ ಈಚೆಗೆ ಅಲ್ಲಲ್ಲಿ ಪೆನ್ಸಿಲಿನ ಸಣ್ಣ ಚುಕ್ಕೆ, ಚುಕ್ಕೆಯ ಪಕ್ಕದಲ್ಲಿ ನಿಘಂಟು ನೋಡಿ ತಿದ್ದಿ ಬರೆದ ಸರಿಯಾದ ಪದ. ಸೌಟಿಗೆ ಬಾಚಣಿಗೆ. ಕಿಟಕಿಗೆ ಹೊಸ್ತಿಲು. ಒಂದು ಕಡೆ ನಾನು ಹಿಂದಿನ ದಿನವನ್ನು ನಾಳೆ ಅಂದಿದ್ದೆ. ಚುಕ್ಕೆ ಇದ್ದ ಕಡೆಯಲ್ಲೆಲ್ಲ ನನ್ನ ಅಕ್ಷರ, ಬೇರೆ ಯಾರದೂ ಇಲ್ಲ. ಪರೀಕ್ಷೆಯಲ್ಲಿ ಕೈಕೊಟ್ಟ ಎರಡು ಪದ ಅವಳು ನಿಘಂಟಿನಲ್ಲಿ ನೋಡಲು ಮರೆತಂಥವು, ಅಷ್ಟೇ.

“ನವೆಂಬರಿಂದ ಗೊತ್ತಿತ್ತಾ? ಯಾಕೆ ಹೇಳ್ಲಿಲ್ಲ?” ಎಂದೆ. ಅವಳು ಬಹಳ ಹೊತ್ತು ಪದ ಹುಡುಕಿದಳು. “ಮೊದ್ಲು ನಂದೇ ತಪ್ಪು ಅಂದ್ಕೊಂಡೆ. ನಿಮ್ಮ ಭಾಷೆ, ನಿಮಗೆ ಗೊತ್ತಿರತ್ತೆ ಅಂತ. ಆಮೇಲೆ ಗೊತ್ತಾಯ್ತು. ನಮ್ಮೂರಲ್ಲಿ ಇಂಥವ್ರನ್ನ ನೋಡ್ಕೊಂಡಿದ್ದೀನಿ. ಆದ್ರೆ ಇದನ್ನ ನೋವಾಗ್ದೇ ಇರೋ ಹಾಗೆ ಹೇಳೋಕೆ ನಂಗಿನ್ನೂ ನಿಮ್ಮ ಭಾಷೆ ಅಷ್ಟು ಬರಲ್ಲ, ಅಜ್ಜಿ.”

ನಾನೇನು ಮಾಡಿದೆ ಗೊತ್ತೇ? ಎದ್ದು ಬಾಗಿಲು ತೆಗೆದು, “ಹೋಗು, ಆ ಕಂಪ್ಯೂಟರ್ ಹತ್ರಾನೇ ಕಲ್ತ್ಕೋ” ಎಂದೆ. ಅವಳು ಕಾಫಿ ಲೋಟ ತೊಳೆದಿಟ್ಟು ಹೋದಳು. ಲೋಟ ತೊಳೆದಿಟ್ಟು ಹೋದಳು, ಉನ್ನುರ್. ಒಂಬತ್ತು ದಿನ ನಾನು ಈಜುಕೊಳದ ಕಡೆ ತಲೆ ಹಾಕಲಿಲ್ಲ. ಅಡುಗೆಮನೆಯ ಕಪಾಟು ತೆರೆದು ಒಂದೊಂದನ್ನೇ ಮುಟ್ಟಿ ಗಟ್ಟಿಯಾಗಿ ಹೆಸರು ಹೇಳುತ್ತಿದ್ದೆ. ತಟ್ಟೆ, ಬಟ್ಟಲು, ಜರಡಿ ಸಲೀಸಾಗಿ ಬಂದವು. ಮರದ ಹಿಡಿಯ ಒಂದು ವಸ್ತು, ಹಿಟ್ಟು ಲಟ್ಟಿಸುವುದು, ಅದನ್ನು ಕೈಯಲ್ಲಿ ಹಿಡಿದು ಕಾಲು ಗಂಟೆ ನಿಂತೆ. ಅಮ್ಮ ಅದರಿಂದಲೇ ನಿನ್ನನ್ನು ಅಟ್ಟಿಸಿಕೊಂಡು ಹೋಗಿದ್ದು ನೆನಪಿಗೆ ಬಂತು, ನೀನು ಕುರಿ ಕೊಟ್ಟಿಗೆಯಲ್ಲಿ ಅಡಗಿದ್ದು ನೆನಪಿಗೆ ಬಂತು, ಹೆಸರು ಬರಲಿಲ್ಲ. ಬೆರ್ಗ್‌ತೋರಾಗೆ ಬಾಯಿಬಿಟ್ಟರೆ, “ಅಯ್ಯೋ, ವಯಸ್ಸಾದ್ಮೇಲೆ ಎಲ್ರಿಗೂ ಅಷ್ಟೇ ಕಣೇ” ಎಂದು ನಕ್ಕುಬಿಟ್ಟಳು. ಅವಳದೇನೂ ತಪ್ಪಿಲ್ಲ. ಐವತ್ತು ವರ್ಷದ ಗೆಳತಿ, ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ ನನ್ನ ಮಾತು ಗೊತ್ತು. ನಾನು ಸೌಟಿಗೆ ಬಾಚಣಿಗೆ ಎಂದರೂ ಅವಳ ಕೈ ಸೌಟನ್ನೇ ಎತ್ತಿಕೊಡುತ್ತದೆ. ಈ ಊರಿನಲ್ಲಿ ನನ್ನ ಪ್ರತಿಯೊಂದು ಪದವನ್ನೂ ಪೂರ್ತಿ ಕೇಳಿಸಿಕೊಳ್ಳುತ್ತಿದ್ದವಳು ಲಿಗಾಯಾ ಒಬ್ಬಳೇ. ಅವಳನ್ನೇ ಹೊರಗೆ ಕಳಿಸಿದ್ದೆ.

ಹತ್ತನೆಯ ದಿನ ಬಸ್ಸು ಹತ್ತಿ ಅಕುರೇರಿಗೆ ಹೋದೆ. ಹೇಳಬೇಕಾದ ಮಾತನ್ನು ಚೀಟಿಯಲ್ಲಿ ಬರೆದುಕೊಂಡು, ದಾರಿಯುದ್ದಕ್ಕೂ ಓದಿಕೊಂಡೆ. ಪರೀಕ್ಷೆ ನಡೆಸಿದ ಹೆಂಗಸು ನನ್ನನ್ನು ಕೂರಿಸಿ, ಏನಾಗಬೇಕಿತ್ತು ಎಂದರು. ಚೀಟಿ ತೆಗೆಯಲೇ ಇಲ್ಲ. “ಆ ಎರಡು ಪದ ಅವಳ ತಪ್ಪಲ್ಲ. ನಾನು ಹೇಳಿಕೊಟ್ಟದ್ದು. ನನಗೆ ಮಾತು ತಪ್ಪುತ್ತಿದೆ” ಎಂದೆ. ಯಾರಿಗೂ ಪೂರ್ತಿ ಹೇಳದಿದ್ದುದನ್ನು ಹೆಸರು ಗೊತ್ತಿಲ್ಲದ ಒಬ್ಬರ ಮುಂದೆ ಹೇಳಿ, ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದೆ. ಅವರು ಏಳಲು ಬಿಡಲಿಲ್ಲ. ಅಂಕ ತಿದ್ದಲು ನಿಯಮವಿಲ್ಲ, ಆದರೆ ಫೆಬ್ರವರಿ ಇಪ್ಪತ್ಮೂರಕ್ಕೆ ಇನ್ನೊಂದು ತಂಡ ಕೂರುತ್ತದೆ, ಅದರಲ್ಲಿ ಒಂದು ಜಾಗ ಇದೆ, ಏಪ್ರಿಲ್‌ವರೆಗೆ ಕಾಯಬೇಕಾಗಿಲ್ಲ ಎಂದರು. ಆಮೇಲೆ ಮೆತ್ತಗೆ, “ನೀವು ಯಾರಿಗಾದ್ರೂ ತೋರಿಸ್ಕೊಂಡ್ರಾ?” ಎಂದು ಕೇಳಿದರು.

ವಾಪಸು ಬಂದವಳು ನೆಟ್ಟಗೆ ಆಶ್ರಮಕ್ಕೆ ಹೋದೆ. ಲಿಗಾಯಾ ಹೋಗ್ನಿಗೆ ಸಾಕ್ಸ್ ಹಾಕುತ್ತಿದ್ದಳು. ಕ್ಷಮಿಸು ಎಂದು ನಾನು ಹೇಳುವ ಮೊದಲೇ ಹೋಗ್ನಿ, “ಬಂದ್ಯಾ? ಈ ಹುಡುಗಿ ಹತ್ತು ದಿನದಿಂದ ಹವಾಮಾನ ವರದಿ ಬಿಟ್ಟು ಬೇರೆ ಮಾತೇ ಆಡಿಲ್ಲ” ಎಂದ. ಅಲ್ಲಿಂದ ಪರೀಕ್ಷೆಯವರೆಗೆ ದಿನಾ ಕೂತೆವು, ಮೇಜಿನ ಮೇಲೆ ನಿಘಂಟು ತೆರೆದಿಟ್ಟುಕೊಂಡು. ನಾನು ಒಂದು ಪದ ಹೇಳುವುದು, ಅವಳು ನೋಡುವುದು, ಸರಿಯಿದ್ದರೆ ತಲೆಯಾಡಿಸುವುದು. ತಪ್ಪಿದ್ದರೆ ಸರಿಯಾದ್ದನ್ನು ಇಬ್ಬರೂ ಮೂರು ಸಲ ಗಟ್ಟಿಯಾಗಿ ಹೇಳುವುದು. ನನ್ನ ಹುಟ್ಟುಭಾಷೆಯನ್ನು ನನಗೆ ಹೊರಗಿನವಳು ಹೇಳಿಕೊಡುತ್ತಿದ್ದಾಳಲ್ಲಾ ಎಂದು ಒಂದು ದಿನ ಅತ್ತದ್ದೂ ಉಂಟು. ಅವಳು ಪಾಸಾದಳು. ಮೊನ್ನೆ ಶುಕ್ರವಾರ ಕಾಗದ ಬಂತು. ತನ್ನ ಕಡೆಯ ಅಕ್ಕಿ ಅಡುಗೆ ಮಾಡಿ ತಂದಿದ್ದಳು, ಬೆರ್ಗ್‌ತೋರಾ ಎರಡು ಸಲ ಹಾಕಿಸಿಕೊಂಡಳು.

ಈ ಕಾಗದಕ್ಕೆ ಮೂರು ಬೆಳಿಗ್ಗೆ ಹಿಡಿಯಿತು. ನಿಘಂಟು ಪಕ್ಕದಲ್ಲೇ ಇದೆ. ಆದರೂ ಎಲ್ಲಾದರೂ ಎಡವಟ್ಟಾಗಿದ್ದರೆ ನೀನೇ ಸರಿಮಾಡಿಕೊಂಡು ಓದು. ಪ್ರೆಬೆನ್‌ಗೆ ನನ್ನ ನೆನಪು ತಿಳಿಸು, ಮಕ್ಕಳಿಗೆ, ಮೊಮ್ಮಕ್ಕಳಿಗೆ ಮುತ್ತು. ನೀನು ಸೌಖ್ಯವಾಗಿರಬೇಕು, ನಿನ್ನ ಮನೆ ಬೆಚ್ಚಗಿರಬೇಕು, ಅದೇ ನನ್ನ ಹಾರೈಕೆ.

ನಿನ್ನ ಅಕ್ಕ,
ಸಾಲ್ವೋರ್

ಮರೆತದ್ದು: ಬೆರ್ಗ್‌ತೋರಾ ಅಕುರೇರಿಗೆ ಹೊರಟು ಕಾರು ತಂದು ನಿಲ್ಲಿಸಿದ್ದಾಳೆ, ಹಾರ್ನ್ ಹೊಡೆಯುತ್ತಿದ್ದಾಳೆ, ಲಕೋಟೆ ಅವಳ ಕೈಗೇ ಕೊಡಬೇಕು. ಮಾರ್ಚ್ ಇಪ್ಪತ್ತು, ಮಂಗಳವಾರ, ಹತ್ತೂವರೆಗೆ ನನಗೆ ಆಸ್ಪತ್ರೆಯಲ್ಲಿ ತಲೆಯ ಪರೀಕ್ಷೆ. ಚಿಕ್ಕಂದಿನಿಂದ ನನ್ನನ್ನು ಬಲ್ಲವರು ಒಬ್ಬರು ಜೊತೆಗಿರಬೇಕಂತೆ, ಅವರನ್ನೂ ಪ್ರಶ್ನೆ ಕೇಳುತ್ತಾರಂತೆ. ನಿನ್ನನ್ನು ಕೇಳದೆ ನಿನ್ನ ಹೆಸರು ಬರೆಸಿಬಿಟ್ಟೆ. ವಿಮಾನದಿಂದ ಇಳಿದ ಕಡೆ ಲಿಗಾಯಾ ನಿಂತಿರುತ್ತಾಳೆ. ಅವಳ ಹತ್ತಿರ ಇಂಗ್ಲಿಷ್ ಆಡಬೇಡ. ಇಷ್ಟು ಪುಟ ಬರೆದೂ ಒಂದು ಮಾತು ಬರೆಯಲಿಲ್ಲ, ಈಗ ಬರೆಯುತ್ತಿದ್ದೇನೆ: ನನಗೆ ಭಯವಾಗುತ್ತಿದೆ. ಬಾ.